ಬದುವಿನ ಮೇಲಿನ ಹಕ್ಕಿ ಪಾಲು

ಯಾರನ್ನೂ ಸುಲಭಕ್ಕೆ ನಂಬುವ ಗುಣ ನನಗಿಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದೇ ಎಣಿಸುತ್ತೇನೆ. ಅಂಥವಳಿಗೆ ತೆಲುಗು ಗಡಿಯ ಕಂಗ್ಟಿ ಕಡೆಯ ನಮ್ಮ ಹೊಲದ ಪಕ್ಕದಲ್ಲಿ ಸಿಕ್ಕವರು ತೀತರ ಸಾಕಿದ ಕಾಕಾ. ತೀತರವೆಂದರೆ ಕವುಜುಗ. ವಯಸ್ಸಿನಲ್ಲಿದ್ದಾಗ ಅವರು ಸಾಕಿದ ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಅದರ ದನಿಗೆ ಬಂದ ಕಾಡುಹಕ್ಕಿಗಳನ್ನು ಉರುಲಿಗೆ ಕೆಡವುತ್ತಿದ್ದರಂತೆ. ಈಗ ಬಿಟ್ಟಿದ್ದೇನೆ ಅನ್ನುತ್ತಿದ್ದರು. ಬಿಟ್ಟವರಿಗೆ ಪಂಜರ ಯಾಕೆ ಬೇಕು? ಬೆಳಿಗ್ಗೆ ಹೊಲಕ್ಕೆ ಬಂದು ಬಾಗಿಲು ತೆಗೆದರೆ ಹಕ್ಕಿ ನಾಯಿಮರಿಯ ಹಾಗೆ ಅವರ ಹಿಂದೆ ಓಡುತ್ತಿತ್ತು.

ನಮ್ಮಲ್ಲಿ ಬಿತ್ತನೆ ಮುಗಿದ ಸಂಜೆ, ಉಳಿದ ಬೀಜದಲ್ಲಿ ಒಂದು ಬೊಗಸೆ ಬದುವಿನ ಮೇಲೆ ಚೆಲ್ಲಬೇಕು. ಅದು ಹಕ್ಕಿ ಪಾಲು. ಪಾಲು ಕೊಟ್ಟರೆ ಹಕ್ಕಿಗಳು ಬಿತ್ತಿದ್ದನ್ನು ಕೆದಕುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದು ನನ್ನ ಕೆಲಸವಾಯಿತು. ಆ ವರ್ಷ ಹಿಂಗಾರಿ ಜೋಳಕ್ಕೆ ಮನೆಯ ಬೀಜ ಸಾಲದೆ ನಾರಾಯಣಖೇಡದ ಅಂಗಡಿಯಿಂದ ಪಾಕೀಟು ತಂದಿದ್ದೆ. ಆ ಬೀಜಕ್ಕೆ ಹುಳ ಹತ್ತದಂತೆ ಗುಲಾಬಿ ಬಣ್ಣದ ಔಷಧ ಸವರಿದ್ದರು. ಬಿತ್ತಿ ಮುಗಿಸಿ, ಧಾರಾಳವಾಗಿ ಎರಡು ಬೊಗಸೆ ಚೆಲ್ಲಿ, ಕೈಗೆ ಹತ್ತಿದ ಬಣ್ಣವನ್ನು ಸೋಪು ಹಚ್ಚಿ ಎರಡು ಸಲ ತೊಳೆದುಕೊಂಡೆ.

ಮೂರನೆಯ ದಿನ ಬದುವಿನ ಹತ್ತಿರ ಎರಡು ಕಾಡು ತೀತರ, ಒಂದು ಹೆಣ್ಣು ನವಿಲು ಸತ್ತು ಬಿದ್ದಿದ್ದವು. ಮೈಮೇಲೆ ಗಾಯವಿರಲಿಲ್ಲ. ಆ ನವಿಲು ಮಳೆಗಾಲವಿಡೀ ಮೂರು ಮರಿ ಕಟ್ಟಿಕೊಂಡು ನಮ್ಮ ತೊಗರಿಯಲ್ಲಿ ಓಡಾಡಿದ್ದನ್ನು ಕಂಡಿದ್ದೆ. ನಾನು ಚೆಲ್ಲಿದ ಬೀಜದ ಕಡೆ ಕಣ್ಣು ಹೋಗಲೇ ಇಲ್ಲ. ನೇರವಾಗಿ ಕಾಕಾನ ಹೊಲದ ಕಡೆ ಹೋಯಿತು. ಸತ್ತವನ್ನು ಬುಟ್ಟಿಯಿಂದ ಮುಚ್ಚಿಟ್ಟೆ.

ಮರುದಿನ ಬೆಳಕು ಹರಿಯುವಾಗಲೇ ಹೋಗಿ ತೊಗರಿ ಸಾಲಿನಲ್ಲಿ ಅಡಗಿ ಕುಳಿತೆ. ಕಾಕಾ ಬಂದರು. ನನ್ನ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೆಲ ತಡಕಿದರು. ಏನನ್ನೋ ರುಮಾಲಿನಲ್ಲಿ ಗಂಟು ಕಟ್ಟಿಕೊಂಡು, ಅತ್ತಿತ್ತ ನೋಡಿ ಹೊರಟುಹೋದರು. ಗಾಯವಿಲ್ಲದೆ ಸತ್ತದ್ದಕ್ಕೆ ಕಾರಣ ಆಗ ನನಗೆ ಹೊಳೆಯಿತು: ಕಾಕಾ ವಿಷ ಇಟ್ಟಿದ್ದರು, ಈಗ ಗುರುತು ಅಳಿಸುತ್ತಿದ್ದಾರೆ. ಅವತ್ತು ಅವರ ಹಿಂದೆ ಹಕ್ಕಿ ಇರಲಿಲ್ಲ. ಕೂಗಿ ಗುಟ್ಟು ಬಿಟ್ಟುಕೊಡದಿರಲಿ ಎಂದು ಮನೆಯಲ್ಲೇ ಬಿಟ್ಟಿರಬೇಕು ಎಂದುಕೊಂಡೆ.

ಅರಣ್ಯ ಇಲಾಖೆಯ ಗಾರ್ಡಿಗೆ ನಾನೇ ಫೋನ್ ಮಾಡಿದೆ. ಮಧ್ಯಾಹ್ನ ಅವನು ಬಂದಾಗ ಸತ್ತ ಹಕ್ಕಿಗಳನ್ನು ತೋರಿಸಿ, ಕಾಕಾನ ಮನೆಗೂ ಕರೆದುಕೊಂಡು ಹೋದೆ. ಕೊಟ್ಟಿಗೆಯಲ್ಲಿ ಪಂಜರ ಖಾಲಿ ಇತ್ತು.

"ಹಕ್ಕಿ ಎಲ್ಲಿ?" ಎಂದು ಗಾರ್ಡು ತೆಲುಗಿನಲ್ಲಿ ಕೇಳಿದ. ಅವನಿಗೆ ಕನ್ನಡವೂ ತಿಳಿಯುತ್ತಿತ್ತು.

"ಸತ್ತದರಿ. ನಿನ್ನಿ ಮಣ್ಣು ಮಾಡೀನಿ," ಎಂದರು ಕಾಕಾ. "ಇದನ್ನ ತಿಂದಿತ್ತು." ರುಮಾಲಿನ ಗಂಟು ಬಿಚ್ಚಿದರು. ಒಳಗೆ ಗುಲಾಬಿ ಬಣ್ಣದ ಜೋಳ ಇತ್ತು.

"ಯಾರ ಹೊಲದ್ದು?"

ನವಿಲು ಕೊಂದವರಿಗೆ ಜೈಲು ಎಂದು ದಾರಿಯುದ್ದಕ್ಕೂ ಗಾರ್ಡಿಗೆ ನೆನಪಿಸಿದವಳು ನಾನೇ. ಕಾಕಾ ನನ್ನ ಕಡೆ ನೋಡಲಿಲ್ಲ.

"ಬದುವಿನ ಮಗ್ಗಲ ಹಾದ್ಯಾಗ ಬಿದ್ದಿದ್ವುರಿ. ಯಾರದೋ ಚೀಲ ಹರಿದಿರಬೇಕು. ಇನ್ನೊಂದು ಹಕ್ಕಿ ತಿನಬಾರ್ದಂತ ಆರಿಸ್ಕೊಂಡ ಬಂದೀನಿ."

ಗಾರ್ಡು ಪಂಜರವನ್ನು ಜಪ್ತಿ ಮಾಡಿ, ಕಾಡುಹಕ್ಕಿ ಸಾಕಿದ್ದಕ್ಕೆ ಅವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಆ ಬೀಜ ನನ್ನದೆಂದು ನಾನು ಒಪ್ಪಿಕೊಳ್ಳಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ. ನಾಚಿಕೆಯ ಜೊತೆಗೇ ಅನುಮಾನವೂ ಇತ್ತು: ನನ್ನನ್ನು ಯಾಕೆ ಉಳಿಸಿದರು? ನಾಳೆ ಬಾವಿಯ ನೀರು ಕೇಳುತ್ತಾರೋ, ಬದು ಒತ್ತುತ್ತಾರೋ? ವರ್ಷವಿಡೀ ಕಾದೆ. ಅವರು ಏನೂ ಕೇಳಲಿಲ್ಲ.

ಮುಂದಿನ ಬಿತ್ತನೆಯ ಸಂಜೆ ಕಾಕಾ ಬೋಗುಣಿಯಲ್ಲಿ ತಮ್ಮ ಮನೆಯ ಜೋಳ ತಂದರು.

"ಯವ್ವಾ, ಹಕ್ಕಿ ಪಾಲು ಇದರಾಗಿಂದು ಹಾಕು."

ನಾನು ನಾಲ್ಕು ಕಾಳು ಎತ್ತಿಕೊಂಡು, ಉಗುಳು ಹಚ್ಚಿ, ಬಣ್ಣ ಬಿಡುತ್ತದೇನೋ ಎಂದು ಅಂಗೈಯಲ್ಲಿ ತಿಕ್ಕಿ ನೋಡಿದೆ. ತಲೆ ಎತ್ತಿದಾಗ ಕಾಕಾ ನನ್ನ ಕೈಯನ್ನೇ ನೋಡುತ್ತಿದ್ದರು.

"ನೋಡು, ನೋಡು," ಎಂದರು. "ಹ್ವಾದ ವರ್ಷನೂ ಹಿಂಗ ನೋಡಬೇಕಿತ್ತು."