ಚರಕದಿಂದ ಹಾಡಿದ ಗ್ರಾಮಾಫೋನು

ಹಳೇ ಹುಬ್ಬಳ್ಳಿಯ ಓಣಿಗೆ ಹಾಲಿನವನು ಬರುವ ಮುಂಚೆಯೇ ಶಿವಲಿಂಗವ್ವ ಪಡಸಾಲೆಯಲ್ಲಿ ಗ್ರಾಮಾಫೋನಿನ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾರೆ. ಹಲ್ಲುಚಕ್ರಗಳ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಜೋಡಿಸಿ, ಕೀಲಿ ಕೊಡುತ್ತಾರೆ. ಅರಗಿನಿಂದ ಮಾಡಿದ ಹಳೇ ಹಾಡಿನ ತಟ್ಟೆಯ ಮೇಲೆ ಹೊಸ ಮುಳ್ಳು ಇಳಿಯುತ್ತದೆ. ಹಾಡು ಕೇಳಿ ಒಳಕೋಣೆಯ ಮಂಚದಿಂದ ಗಂಡ ಗುರುಬಸವ ಹೇಳುತ್ತಾರೆ: "ಜರಾ ಲಗೂ ಓಡಾಕತ್ತೈತಿ." ಶಿವಲಿಂಗವ್ವ ಒಂದು ತಿರುಪು ಬಿಗಿ ಮಾಡುತ್ತಾರೆ. "ಈಗ?" "ಹಾಂ, ಈಗ ಛಲೋ ಆತು."

ಉಪ್ಪಿನಬೆಟಗೇರಿಯಿಂದ ಮದುವೆಯಾಗಿ ಬಂದಾಗ ಶಿವಲಿಂಗವ್ವ ಗ್ರಾಮಾಫೋನನ್ನು ಕಣ್ಣಾರೆ ಕಂಡವರೂ ಅಲ್ಲ. ಗುರುಬಸವ ಅವನ್ನು ರಿಪೇರಿ ಮಾಡುತ್ತಿದ್ದರು, ಹಳೇ ಕಾಲದ ಕಥೆ ತೆಗೆಯುವ ಸಿನಿಮಾದವರಿಗೆ ಬಾಡಿಗೆಗೂ ಕೊಡುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರ ಕೈಗೆ ನಡುಕ ಹತ್ತಿತು. ತಿರುಪುಳಿ ಹಿಡಿಯಲಾಗದೆ ಅಂಗಡಿ ಮುಚ್ಚೋಣ ಎಂದರು. ಹೆಂಡತಿ ಒಪ್ಪಲಿಲ್ಲ. "ನೀವು ಹೇಳ್ರಿ, ನಾ ಮಾಡತೇನಿ ಅಂದೆ," ಎನ್ನುತ್ತಾರೆ ಆಕೆ, ಗದ್ದದ ಗಾಯದ ಗುರುತು ತೋರಿಸುತ್ತ. "ಮದಲನೇ ಸಲ ಸ್ಪ್ರಿಂಗ್ ಬಿಚ್ಚಿದಾಗ ಸಿಡದು ಇಲ್ಲಿ ಹರೀತು. ನನಗಿಂತ ಅವರಿಗೇ ಜಾಸ್ತಿ ಸಂಕಟ ಆತ್ರಿ. ಮರುದಿನ ಮತ್ತ ಕುಂತೆ."

ಸಿನಿಮಾ ನೋಡುವಾಗ ಗಂಡಹೆಂಡತಿಯ ಗಮನ ನಾಯಕನ ಮೇಲೆ ನಿಲ್ಲುವುದಿಲ್ಲ, ಪರದೆಯ ಗ್ರಾಮಾಫೋನಿನ ಮೇಲೆಯೇ ಇರುತ್ತದೆ. "ಹಾಡು ಮುಗಿಯಾಕ ಬಂದಿರತೈತಿ, ನಡುವಿಗೆ ಬರಬೇಕಾದ ಮುಳ್ಳು ಇನ್ನೂ ಅಂಚಿನ್ಯಾಗ ಕುಂತಿರತೈತಿ," ಎಂದು ನಗುತ್ತಾರೆ ಶಿವಲಿಂಗವ್ವ. ಅರಗಿನ ತಟ್ಟೆಯ ಕಾಲದ ಕಥೆಯಲ್ಲಿ ಆಮೇಲೆ ಬಂದ ಪ್ಲಾಸ್ಟಿಕ್ ತಟ್ಟೆ ತಿರುಗಿದರಂತೂ ಗುರುಬಸವ ಎದ್ದು ಹೊರಗೆ ಹೋಗುತ್ತಾರಂತೆ.

ಹೋದ ಚಳಿಗಾಲದಲ್ಲಿ ಕಲಾ ನಿರ್ದೇಶಕಿ ಚಿನ್ಮಯೀ ಇವರ ಮನೆ ಹುಡುಕಿಕೊಂಡು ಬಂದರು. ಚಿತ್ರೀಕರಣ ಧಾರವಾಡದಲ್ಲಿ, ವಾಡೆ ಎನ್ನುವ ಹಳೇ ದೊಡ್ಡ ಮನೆಯೊಂದರಲ್ಲಿ. ನಾಟಕ ಕಂಪನಿ ಸೇರಿ ಮನೆ ಬಿಟ್ಟ ಮಗಳ ಹಾಡನ್ನು ತಾಯಿ ಮೊದಲ ಸಲ ತಟ್ಟೆಯಲ್ಲಿ ಕೇಳುವ ದೃಶ್ಯ. "ಶಬ್ದ ಆಮೇಲೆ ಸೇರಿಸೋದು ಬೇಡ ಅನಿಸ್ತು. ಯಂತ್ರ ನಿಜವಾಗಿ ಹಾಡಿದರೆ ನಟಿಯ ಮುಖವೇ ಬೇರೆ ಆಗತ್ತೆ," ಎಂದು ಚಿನ್ಮಯೀ ನೆನೆಯುತ್ತಾರೆ.

ಯಂತ್ರದ ಜತೆ ಗಂಡಹೆಂಡತಿಯೂ ಹೋದರು. ತಾಲೀಮಿನಲ್ಲಿ ಎಲ್ಲ ಸರಿಯಿತ್ತು. ಕ್ಯಾಮೆರಾ ಸಿದ್ಧವಾಗುವ ಹೊತ್ತಿಗೆ ಪೆಟ್ಟಿಗೆಯೊಳಗೆ ಫಟ್ ಎಂದಿತು. ಸ್ಪ್ರಿಂಗ್ ತುಂಡಾಗಿತ್ತು. ಸಂಜೆಗೆ ವಾಡೆ ಬಿಟ್ಟುಕೊಡಬೇಕು. ಬೇರೆ ಸ್ಪ್ರಿಂಗ್ ಊರಲ್ಲಿಲ್ಲ. ಗುರುಬಸವ ತಲೆ ತಗ್ಗಿಸಿ ಕೂತುಬಿಟ್ಟರು.

ಆಗ ಶಿವಲಿಂಗವ್ವನ ಕಣ್ಣು ಮೂಲೆಯ ಚರಕದ ಮೇಲೆ ಬಿತ್ತು. ದೃಶ್ಯದ ಅಂದಕ್ಕೆಂದು ಇಟ್ಟಿದ್ದು ಅದು. ಮುರಿದ ಸ್ಪ್ರಿಂಗನ್ನು ಹೊರತೆಗೆದು, ಪೆಟ್ಟಿಗೆಯ ಹಿಂದೆ ತೂತು ಕೊರೆಸಿ, ತಟ್ಟೆಯ ನಡುಗಂಬಕ್ಕೆ ತುದಿಗಳನ್ನು ಗಂಟು ಹಾಕಿದ ಹತ್ತಿಯ ಹುರಿ ಸುತ್ತಿದರು. ಹುರಿಯ ಇನ್ನೊಂದು ಬದಿ ಕಪಾಟಿನ ಮರೆಗೆ ಸರಿಸಿದ ಚರಕದ ಗಾಲಿಗೆ. ಗಾಲಿ ತಿರುಗಿಸಲು ತಾವೇ ಕೂತರು. ತಟ್ಟೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಸುತ್ತಬೇಕು. ಕೈ ಜರಾ ಸಡಿಲಾದರೂ ಹಾಡು ನರಳುತ್ತದೆ. ಗುರುಬಸವ ಎದ್ದು ಬಂದು ಎದುರು ಕೂತರು. ಸ್ವರ ಇಳಿದರೆ ನಡುಗುವ ಅಂಗೈ ಮೇಲೆತ್ತಿದರು, ಏರಿದರೆ ಕೆಳಗಿಳಿಸಿದರು. "ಬ್ಯಾರೆ ಏನೂ ನೋಡ್ಲಿಲ್ರಿ. ಅವರ ಕೈ ಒಂದ ನೋಡಕೋತ ತಿರುಗಿಸಿದೆ," ಎನ್ನುತ್ತಾರೆ ಶಿವಲಿಂಗವ್ವ.

ಹಾಡು ಮುಗಿಯಿತು. ಮುಳ್ಳು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತಿತ್ತು. ತಾಯಿಯ ಪಾತ್ರ ಮಾಡಿದ ನಟಿ ಕಪಾಟಿನ ಹಿಂದೆ ಬಂದು ಶಿವಲಿಂಗವ್ವನ ಪಕ್ಕ ನೆಲದ ಮೇಲೆಯೇ ಕೂತು, ಕಣ್ಣೊರೆಸಿಕೊಂಡರು.

ಆ ದೃಶ್ಯ, ಆ ಶಬ್ದ ಹಾಗೆಯೇ ಚಿತ್ರದಲ್ಲಿ ಉಳಿದಿವೆ. ಮುಂದಿನ ಚಿತ್ರಕ್ಕೂ ಚಿನ್ಮಯೀ ಇವರನ್ನೇ ಕರೆದಿದ್ದಾರೆ. ಪರದೆಯ ಮೇಲೆ ಶಿವಲಿಂಗವ್ವನ ಹೆಸರು ಹಾಕುವುದಾಗಿಯೂ ಹೇಳಿದ್ದಾರೆ.

"ಹಾಕ್ಲಿರಿ, ಬ್ಯಾಡ ಅನ್ನೂದಿಲ್ಲ," ಎನ್ನುತ್ತಾರೆ ಆಕೆ, ಎಣ್ಣೆಗೈಯನ್ನು ಅರಿವೆಗೆ ಒರೆಸುತ್ತ. "ಆದ್ರ ನಮ್ಮಿಬ್ಬರ ಹೆಸರೂ ಒಂದ ಸಾಲಿನ್ಯಾಗ ಹಾಕ್ರಿ ಅಂತ ಹೇಳೇನಿ."