ಫರಸಿ ಮೇಸ್ತ್ರಿ ಸನ್ನತಿಗೆ ಹೋದದ್ದು

ಶಹಾಬಾದಿನ ಕಲ್ಲಿನ ಖಣಿಗಳ ಕಡೆ ಹೋಗಿ ಅಂಬರಾಯ ಮೇಸ್ತ್ರಿಯ ಮನೆ ಯಾವುದೆಂದು ಕೇಳಿದರೆ ಜನ ದಾರಿ ತೋರಿಸುವ ಮೊದಲು ಒಮ್ಮೆ ನಗುತ್ತಾರೆ. ಹೊಸ ಮೋಟರ್‌ಸೈಕಲ್ ಕೊಂಡವರು, ಮನೆಗೆ ಬಣ್ಣ ಬಳಿಸಿದವರು, ಮಗಳಿಗೆ ನೌಕರಿಯ ಗಂಡು ಗೊತ್ತು ಮಾಡಿದವರು ಆ ಮನೆಯ ಮುಂದಿನ ಹಾದಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದರು. ಕಟ್ಟೆಯ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತ ಆ ಮನುಷ್ಯ ಒಂದೇ ಮಾತಿನಲ್ಲಿ ಅವರ ಖುಷಿಗೆಲ್ಲ ಮಣ್ಣು ಹಾಕಿಬಿಡುತ್ತಿದ್ದ. ಪಕ್ಕದ ಮನೆಯ ಭಾಗಣ್ಣ ನೆಲಕ್ಕೆ ಟೈಲ್ಸ್ ಹಾಕಿಸಿ, ಇಷ್ಟು ದಿನದ ನೆರೆಯವನೆಂದು ಪ್ರೀತಿಯಿಂದ ಕರೆದು ತೋರಿಸಿದ. ಅಂಬರಾಯ ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತು ನೋಡಿ, "ಇದು ಬಿಸ್ಕೀಟ್ ಅದ. ಚಾದಾಗ ಅದ್ದಿ ತಿನ್ರಿ" ಎಂದು ಹೇಳಿ ಹೊರಟುಹೋದ. ಭಾಗಣ್ಣ ಅವನ ಕೂಡ ಮಾತು ಬಿಟ್ಟು ಎಷ್ಟೋ ಕಾಲವಾಯಿತು.

ಅಂಬರಾಯನಿಗೆ ಗೊತ್ತಿದ್ದದ್ದು ಒಂದೇ ಕಲ್ಲು. ಶಹಾಬಾದಿನ ಫರಸಿ, ನೆಲಕ್ಕೆ ಹಾಸುವ ಕಲ್ಲು. ಭೀಮಾ ದಂಡೆಯ ಊರಿಂದ ಮೀಸೆ ಮೂಡುವ ಮುಂಚೆಯೇ ಖಣಿಗೆ ಬಂದವನು. ಭೂಮಿಯೊಳಗೆ ಪದರ ಪದರವಾಗಿ ಮಲಗಿದ ಆ ಕಲ್ಲನ್ನು ಬೆಣೆ ಹೊಡೆದು, ಹಾರೆ ಹಾಕಿ ಎಬ್ಬಿಸುವುದರಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಅಷ್ಟು ಗೊತ್ತಿರುವುದರಿಂದ ಮಿಕ್ಕಿದ್ದೆಲ್ಲವೂ ಗೊತ್ತಿದೆ ಎಂದು ಅವನು ತಿಳಿದುಬಿಟ್ಟಿದ್ದ. ಮನುಷ್ಯರನ್ನೂ ಸುತ್ತಿಗೆ ಹಿಡಿಯಿಂದ ಕುಟ್ಟಿ, ಪೊಳ್ಳೋ ಗಟ್ಟಿಯೋ ಹೇಳಿಬಿಡಬಹುದು ಎಂಬ ಸೊಕ್ಕು. ಕುಟ್ಟಿದ್ದರಲ್ಲಿ ಗಟ್ಟಿ ಅನ್ನಿಸಿಕೊಂಡವರು ಒಬ್ಬರೂ ಇರಲಿಲ್ಲ, ಅವನೊಬ್ಬನ ಹೊರತು.

ಅವನ ಮಾತಿಗೆ ಎಂದೂ ಎದುರಾಡದೆ ಇದ್ದವಳು ಹೆಂಡತಿ ಭೀಮಮ್ಮ. ಮದುವೆಯಾಗಿ ಬಂದ ವಾರದಲ್ಲೇ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಖಣಿಯಿಂದ ಲಾರಿಗೆ ಕಲ್ಲು ಹೊರಲು ನಿಂತವಳು, ಮಂಡಿ ಸೋಲುವವರೆಗೂ ಹೊತ್ತಳು. ಅವನು ಬೈದಾಗ ಸುಮ್ಮನಿದ್ದಳು, ಊರವರನ್ನು ಆಡಿಕೊಂಡಾಗಲೂ ಸುಮ್ಮನಿದ್ದಳು. ಅದು ಒಪ್ಪಿಗೆ ಎಂದೇ ಅಂಬರಾಯ ಕಡೆಯವರೆಗೂ ನಂಬಿದ್ದ. ಹೋದ ಚಳಿಗಾಲದಲ್ಲಿ ಎದೆ ಕಟ್ಟಿ, ಉಸಿರು ಸಾಲದೆ ಆಕೆ ತೀರಿಕೊಂಡಳು.

ವರ್ಷದ ಪೂಜೆ ಹತ್ತಿರ ಬಂದಾಗ ಸಮಾಧಿಗೆ ಕಲ್ಲು ಹಾಕುವ ಮಾತು ಎದ್ದಿತು. ಚಂದಾಪುರದ ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬಳೇ ಮಗಳು ಸರಿತಾ ಅದಕ್ಕೆಂದೇ ರಜೆ ಹಾಕಿ ಬಂದಳು. ಅಂಬರಾಯ ಆಗಲೇ ಒಂದು ಚೊಕ್ಕ ಫರಸಿ ಆರಿಸಿ ಗೋಡೆಗೆ ಒರಗಿಸಿದ್ದ. ಅದರ ಮೇಲೆ ಹೆಸರಿಲ್ಲ, ಗೆರೆಯಿಲ್ಲ.

"ಇದರ ಮ್ಯಾಲ ಅವ್ವನ ಮುಖ ಕೆತ್ತಸೋಣಪ್ಪ," ಎಂದಳು ಸರಿತಾ.

"ಇದು ಹಾಸೋ ಕಲ್ಲು, ಕಾಲಾಗ ತುಳಿಯೋದು. ಇದರ ಮ್ಯಾಲ ಮುಖ ನಿಲ್ಲಂಗಿಲ್ಲ. ಉಳಿ ಬಿದ್ದಲ್ಲೇ ಪದರ ಏಳ್ತದ."

"ಅಂದ್ರ ಬರೇ ಫರಸಿ ಹಾಕ್ತೀ? ಅವ್ವ ಏನು ಬಚ್ಚಲಮನಿ ಏನು?"

ಅಂಬರಾಯನಿಗೆ ಇಂಥ ಮಾತು ಕೇಳಿ ರೂಢಿ ಇರಲಿಲ್ಲ. ಮಗಳು ಬಿಡಲಿಲ್ಲ. ವಾಡಿ ಸ್ಟೇಶನ್ನಿನ ಹತ್ತಿರ ಶೆಡ್ಡು ಹಾಕಿಕೊಂಡು ಹೆಸರಿನ ಕಲ್ಲು, ಬಸವಣ್ಣ, ನಾಗರಕಲ್ಲು ಕೆತ್ತುವ ಅಣವೀರನನ್ನೇ ಮನೆಗೆ ಕರೆಸಿದಳು. ಅಂಬರಾಯ ಅವನನ್ನು ಕೂಡು ಎಂದೂ ಹೇಳಲಿಲ್ಲ. ಅವನ ಲೆಕ್ಕದಲ್ಲಿ ಅಣವೀರ ಕಲ್ಲು ಕೆಲಸದವನೇ ಅಲ್ಲ, ಕಲ್ಲಿನ ಮೇಲೆ ಅಕ್ಷರ ಕೆರೆಯುವವನು. ಅಣವೀರ ನಿಂತುಕೊಂಡೇ ಕಲ್ಲು ಸವರಿ ನೋಡಿದ.

"ಮುಖ ನಿಲ್ತದ ಮೇಸ್ತ್ರಿ. ನನ್ನ ಮಾತು ಬ್ಯಾಡ, ಸನ್ನತಿಗೆ ಹೋಗಿ ಬರ್ರಿ. ಬುದ್ಧನ ಕಾಲದ ಕಲ್ಲು ಅಂತ ಜನ ಎಲ್ಲೆಲ್ಲಿಂದನೋ ನೋಡ್ಲಿಕ್ಕ ಬರ್ತಾರಲ್ಲ, ಅವೆಲ್ಲಾ ನಮ್ಮ ಕಲ್ಲೇ."

"ನಾ ಆ ಕಡಿ ಊರಾಗ ಹುಟ್ಟಿದವ. ಅಲ್ಲಿ ಒಡದ ಚಿಪ್ಪು ಬಿಟ್ರ ಏನೂ ಇಲ್ಲ."

"ಎಂದಾರ ನೋಡೀರೇನು?"

ನೋಡಿರಲಿಲ್ಲ. ಹರಕೆ ಹೊತ್ತು ಸನ್ನತಿಯ ಚಂದ್ರಲಾಂಬೆಯ ಗುಡಿಗೆ ಎಷ್ಟೋ ಸಲ ಹೋಗಿದ್ದ, ಕಲ್ಲು ನೋಡಲು ಹೋಗುವುದು ಬುದ್ಧಿಗೇಡಿಗಳ ಕೆಲಸ ಎಂದು ಆಚೆ ಕಣ್ಣೆತ್ತಿರಲಿಲ್ಲ. ಅದನ್ನು ಹೇಳಿದರೆ ಸೋತಂತೆ. ಅದಕ್ಕೆ ಮಗಳ ಮುಂದೆಯೇ ಮಾತು ಕೊಟ್ಟ. ಅಲ್ಲಿ ಒಂದೇ ಒಂದು ಮುಖ ನಮ್ಮ ಕಲ್ಲಿನ ಮೇಲೆ ಬರಾಬರ್ ನಿಂತಿದ್ದರೆ ಭೀಮಮ್ಮನ ಮುಖ ಕೆತ್ತಿಸುವುದು, ಇಲ್ಲದಿದ್ದರೆ ಬರೀ ಫರಸಿ, ಆಮೇಲೆ ಯಾರೂ ಬಾಯಿ ತೆರೆಯಬಾರದು. ಗೆದ್ದೇ ಬರುತ್ತೇನೆ ಎಂಬ ಧೈರ್ಯದಿಂದ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಬೆಳಿಗ್ಗೆ ಅಪ್ಪ ಮಗಳು ರೈಲು ಹತ್ತಿ ನಾಲವಾರದಲ್ಲಿ ಇಳಿದರು. ಅಲ್ಲಿ ಟಂಟಂ ಆಟೋ ಓಡಿಸುವ ಶೌಕತ ಅಲಿ ಒಂದು ಕಾಲಕ್ಕೆ ಶಹಾಬಾದಿನ ಖಣಿಗಳ ಲಾರಿ ಓಡಿಸಿದವನು, ಗುರುತು ಹಿಡಿದು ಹತ್ತಿರ ಬಂದ.

"ಏನ್ ಮೇಸ್ತ್ರಿ, ಚಂದ್ರಲಾಂಬಾಗ ಹರಕಿ ಏನಾರ ಅದ ಏನು?"

"ಇಲ್ಲೋ, ಒಡದ ಕಲ್ಲು ನೋಡ್ಲಿಕ್ಕ ಹೊಂಟೀವಿ. ನನ್ನ ಮಗಳಿಗೆ ಮನ್ಯಾಗಿನ ಕಲ್ಲು ಸಾಲವಲ್ದು."

ಶೌಕತ ಅಲಿ ಸರಿತಾಳ ಮುಖ ನೋಡಿ ನಗುವುದನ್ನು ತಡೆದುಕೊಂಡು ಗಾಡಿ ಶುರು ಮಾಡಿದ. ತೊಗರಿ ಹೊಲ, ಹತ್ತಿ ಹೊಲ ದಾಟಿ ಸನ್ನತಿಯ ಮಗ್ಗುಲ, ಆ ಕಲ್ಲುಗಳಿರುವ ಕನಗನಹಳ್ಳಿ ಮುಟ್ಟುವವರೆಗೂ ಅಂಬರಾಯ ರಸ್ತೆಯನ್ನು ಬೈದ, ಹತ್ತಿ ಬೆಳೆಯನ್ನು ಬೈದ, ಟಂಟಂನ ಸೀಟನ್ನೂ ಬೈದ. ಸರಿತಾ ಹೊರಗೆ ನೋಡುತ್ತ ಕೂತಿದ್ದಳು.

ಬೇಲಿಯೊಳಗೆ ಸ್ತೂಪದ ದಿಬ್ಬ, ಅದರ ಸುತ್ತ ಮತ್ತು ತಗಡಿನ ನೆರಳಿನ ಕೆಳಗೆ ಕೆತ್ತಿದ ದೊಡ್ಡ ದೊಡ್ಡ ಕಲ್ಲುಗಳು. ಬಂದ ಜನರನ್ನು ನೋಡಿಯೇ ಅಂಬರಾಯನಿಗೆ ನಗು ಬಂತು. ಒಬ್ಬ ಹುಡುಗ ಒಬ್ಬ ಹುಡುಗಿ ಕಲ್ಲಿಗೆ ಬೆನ್ನು ಹಾಕಿ ತಮ್ಮ ಮುಖದ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಟೊಪ್ಪಿಗೆಯ ಸಾಹೇಬನೊಬ್ಬ ಹೆಂಡತಿಗೆ ಗಟ್ಟಿ ದನಿಯಲ್ಲಿ ಪಾಠ ಹೇಳುತ್ತಿದ್ದ, ಆಕೆ ನೆರಳು ಹುಡುಕುತ್ತಿದ್ದಳು. ಕಲಬುರಗಿಯಿಂದ ಬಂದ ಬಿಳಿ ಸೀರೆಯ ಹೆಂಗಸರು ಮಾತ್ರ ಬಿಸಿಲಿಗೆ ಅಂಜದೆ ಕಲ್ಲುಗಳ ಮುಂದೆ ಕಣ್ಣು ಮುಚ್ಚಿ, ಕೈಮುಗಿದು ಬುದ್ಧನ ವಂದನೆ ಹೇಳುತ್ತಿದ್ದರು. ಅಂಬರಾಯ ಅವರಿಗೂ ಕೇಳಿಸಲೆಂದೇ, "ಕೈ ಮುಗಿಯೋದಾದ್ರ ನಮ್ಮ ಖಣಿಗೇ ಬರ್ಬಹುದಿತ್ತು, ಬೇಕಾದಷ್ಟು ಬಿದ್ದಾವ" ಎಂದ.

ಆ ಹೆಂಗಸರು ನಿಂತಿದ್ದ ಕಲ್ಲಿನ ಮೇಲೆ ಒಂದು ಖಾಲಿ ಪೀಠವಿತ್ತು, ಅದರ ಕೆಳಗೆ ಎರಡು ಪಾದ. ಪೀಠದ ಮೇಲೆ ಕೂತವರು ಯಾರೂ ಇಲ್ಲ. ಅಂಬರಾಯ ಹತ್ತಿರ ಹೋಗಿ ನೋಡಿದ, ಅತ್ತಿತ್ತ ತಿರುಗಿ ಇನ್ನೊಂದು ಕಲ್ಲು ನೋಡಿದ, ಅಲ್ಲಿಯೂ ಪಾದಗಳೇ. ಅವನ ಮುಖ ಅರಳಿತು.

"ನೋಡು ಸರಿತಾ, ನಿನ್ನ ಅಣವೀರಗ ಹೇಳು. ಮುಖ ಕೆತ್ತಿದ್ರ ಪದರ ಏಳ್ತದ ಅಂತ ಇವರಿಗೂ ಗೊತ್ತಿತ್ತು. ಬುದ್ಧನಂಥಾ ಬುದ್ಧಂದೇ ಬರೇ ಪಾದ ಕೆತ್ತಿ ಕೈ ತೊಳ್ಕೊಂಡಾರ."

ಬಿಳಿ ಸೀರೆಯವರಲ್ಲಿ ಹಿರಿಯಳಾದ ಮೈತ್ರಿ ಎಂಬಾಕೆ ಈ ಮಾತು ಕೇಳಿ ತಿರುಗಿದಳು. "ಹಂಗಲ್ಲರಿ ಅಣ್ಣಾರ. ಆ ಕಾಲದಾಗ ಬುದ್ಧರ ಮೂರ್ತಿ ಮಾಡ್ತಿರಲಿಲ್ಲ. ಪಾದ ಇದ್ರ ಅವರೇ ಇದ್ದಂಗ ಅಂತ ನಡ್ಕೊಂತಿದ್ರು. ಮುಖ ನೋಡಬೇಕಂದ್ರ ಆ ಕಡಿ ಹೋಗ್ರಿ, ಬೇಕಾದಷ್ಟು ಅವ."

ಕಲ್ಲಿನ ವಿಷಯದಲ್ಲಿ ಹೆಂಗಸರ ಮಾತು ಕೇಳುವ ಪೈಕಿ ಅಂಬರಾಯನಲ್ಲ. ಆದರೆ ಸರಿತಾ ಆಗಲೇ ಆಕೆ ತೋರಿಸಿದ ಕಡೆ ನಡೆದಿದ್ದಳು, ಹಿಂದೆ ಹೋಗದೆ ಗತಿಯಿರಲಿಲ್ಲ.

ಅಲ್ಲಿ ಒಂದು ಕಲ್ಲಿನ ಮೇಲೆ ರಾಜನೊಬ್ಬ ನಿಂತಿದ್ದ, ಪಕ್ಕದಲ್ಲಿ ರಾಣಿ, ಸುತ್ತ ಕೊಡೆ ಚಾಮರ ಹಿಡಿದ ಹೆಂಗಸರು. ಅಶೋಕ ರಾಜನೂ ಆತನ ರಾಣಿಯೂ ಎಂದು ಕಾವಲಿನವನು ಹೇಳಿದ. ಅಂಬರಾಯ ಮೊದಲು ರಾಜನನ್ನೇ ಆಡಿಕೊಂಡ. "ರಾಜಾ ಆಗಿ ಹೆಂಡ್ತಿ ಬಾಜೂಕ ನಿಂತು ಕೆತ್ತಿಸ್ಕೊಂಡಾನ. ಕೆಲಸ ಇರಲಿಲ್ಲೇನು ಅವಗ." ಹೀಗೆ ಹೇಳುತ್ತಲೇ ಬಗ್ಗಿ ನೋಡಿದ. ಕಾವಲಿನವನು ಆಚೆ ತಿರುಗಿದಾಗ ಹೆಬ್ಬೆರಳ ಉಗುರನ್ನು ಕಲ್ಲಿನ ಅಂಚಿಗೆ ಊರಿ ಪದರ ಹುಡುಕಿದ. ಪದರ ಇದ್ದವು, ನಮ್ಮ ಕಲ್ಲೇ, ಅನುಮಾನವಿಲ್ಲ. ಆದರೆ ಕೆತ್ತಿದವನು ಆಳಕ್ಕೆ ಇಳಿದಿರಲಿಲ್ಲ. ರಾಣಿಯ ಕೆನ್ನೆ, ಕಿವಿಯ ಓಲೆ, ಸೊಂಟದ ಸರ ಎಲ್ಲವನ್ನೂ ಮೇಲಿನ ಒಂದೇ ಪದರದ ದಪ್ಪದೊಳಗೆ, ಕೆಳಗಿನದನ್ನು ಮುಟ್ಟದೆ ಉಬ್ಬಾಗಿ ಮೂಡಿಸಿದ್ದ. ಎಲ್ಲಿ ನಿಲ್ಲಬೇಕೆಂದು ಅವನಿಗೆ ತಿಳಿದಿತ್ತು. ಅಂಬರಾಯ ಜೀವಮಾನವೆಲ್ಲ ಬೆಣೆ ಹೊಡೆದು ಪದರ ಬಿಡಿಸಿದ್ದೇ ಹೊರತು, ಪದರದೊಳಗೆ ಕೆಲಸ ಮಾಡಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಅವನು ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದು ನಿಂತಾಗ, "ಸವದದ," ಎಂದ.

"ಸವದದ, ಖರೇ. ಪದರ ಎದ್ದದ ಏನು?" ಎಂದಳು ಸರಿತಾ.

"ಎದ್ದಿಲ್ಲ."

"ಮಾತು ಕೊಟ್ಟೀಯಪ್ಪ."

"ಕೊಟ್ಟೀನಿ. ಅದಕ್ಕ ನಡಿ ಅನ್ನಲಿಕತ್ತೀನಿ. ಬಿಸಿಲಾಗ ಎಷ್ಟೊತ್ತು ನಿಂದರ್ತಿ?" ಸೋತದ್ದನ್ನು ಒಪ್ಪುವಾಗಲೂ ಎದುರಿನವರದ್ದೇ ತಪ್ಪು ಎನ್ನುವಂತೆ ಒಪ್ಪುವುದು ಅವನ ರೀತಿ.

ಹಿಂದಿರುಗುವಾಗ ವಾಡಿಯಲ್ಲಿ ಇಳಿದು ಸೀದಾ ಅಣವೀರನ ಶೆಡ್ಡಿಗೆ ಹೋದರು. ಅಣವೀರ ಗೆದ್ದ ಜಂಬ ತೋರಿಸಲಿಲ್ಲ, ಚಹಾ ತರಿಸಿದ. ಸೀಮೆಸುಣ್ಣ ತೆಗೆದು ಒಂದು ಹಲಗೆ ಮುಂದಿಟ್ಟುಕೊಂಡು ಫೋಟೋ ಕೇಳಿದ. ಸರಿತಾ ಭೀಮಮ್ಮನ ಆಧಾರ್ ಕಾರ್ಡು ಕೊಟ್ಟಳು. ಅದರಲ್ಲಿ ಮುಖ ಇರಬೇಕಾದಲ್ಲಿ ಒಂದು ಕರಿ ಮಚ್ಚೆ ಇತ್ತು. ಮೊಬೈಲಿನಲ್ಲಿದ್ದ ಫೋಟೋಗಳನ್ನೂ ತೋರಿಸಿದಳು. ಒಂದೊಂದರಲ್ಲೂ ಭೀಮಮ್ಮ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಆಚೆ ತಿರುಗಿದ್ದಳು.

"ಯಾಕ ಹಿಂಗ? ನಾಚಿಕಿ ಭಾಳ ಇತ್ತೇನು ಅವ್ವಾರಿಗೆ?" ಎಂದು ಅಣವೀರ ಕೇಳಿದ.

"ನಾಚಿಕಿ ಇರಲಿಲ್ಲರಿ. ನನ್ನ ಮದ್ವಿದಾಗ ಫೋಟೋದವ ಕರದಾಗ ನಮ್ಮಪ್ಪ ಎಲ್ಲಾರ ಮುಂದ ಅಂದ, ಖಣಿ ಧೂಳು ತಿಂದ ಮುಖಕ್ಕ ಫೋಟೋ ಯಾಕ ಅಂತ. ಅಂದಿಂದ ಅವ್ವ ಫೋನ್ ನೋಡಿದ್ರ ಸೆರಗು ಎಳ್ಕೋತಿದ್ದಳು."

ಅಂಬರಾಯನಿಗೆ ಆ ಮಾತು ಆಡಿದ್ದು ನೆನಪಾಗಲಿಲ್ಲ. ಇಂಥವು ದಿನಕ್ಕೆ ಹತ್ತು ಆಡುತ್ತಿದ್ದ, ಯಾವುದನ್ನೆಂದು ನೆನಪಿಡುವುದು.

"ಹೋಗ್ಲಿ ಬಿಡ್ರಿ," ಎಂದ ಅಣವೀರ. "ಮೇಸ್ತ್ರಿ ಇದ್ದಾರಲ್ಲ, ಜೀವಮಾನ ಜೋಡಿಗಿದ್ದವರು. ನೀವು ಹೇಳ್ರಿ ಮೇಸ್ತ್ರಿ, ನಾ ಬರೀತೀನಿ. ಮುಖ ಹ್ಯಾಂಗಿತ್ತು?"

"ದುಂಡಗ," ಎಂದ ಅಂಬರಾಯ.

"ಉದ್ದ," ಎಂದಳು ಸರಿತಾ.

"ಮೂಗುಬಟ್ಟು ಯಾ ಕಡಿ?"

"ಎಡಕ್ಕ."

"ಎರಡೂ ಕಡಿ ಇದ್ವು," ಎಂದಳು ಸರಿತಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಂಬರಾಯ ತಿರುಗಿ ಬೈಯಬಹುದಿತ್ತು.

"ಹಚ್ಚಿ ಇತ್ತೇನು? ಗದ್ದದ ಮ್ಯಾಲೋ, ಹಣಿ ಮ್ಯಾಲೋ?"

ಅಂಬರಾಯ ಕಣ್ಣು ಆಚೆ ತಿರುಗಿಸಿದ. ಎದುರಿನ ಗೋಡೆಗೆ ಒರಗಿಸಿದ ಫರಸಿಗಳಲ್ಲಿ ಯಾವುದು ಯಾವ ಖಣಿಯದು, ಯಾವ ಪದರದ್ದು ಎಂದು ಕೇಳಿದ್ದರೆ ಕೂತಲ್ಲಿಂದಲೇ ಹೇಳುತ್ತಿದ್ದ. ಅಣವೀರ ಸೀಮೆಸುಣ್ಣ ಹಿಡಿದುಕೊಂಡು ಕಾದ.

"ಆಕಿ ನನ್ನ ಮುಂದ ಎಂದೂ ಮುಖ ಎತ್ತಲಿಲ್ಲ," ಎಂದ ಅಂಬರಾಯ ಕೊನೆಗೆ.

"ಎತ್ತುತಿದ್ದಳಪ್ಪ. ನೀನೇ ನೋಡಲಿಲ್ಲ." ಸರಿತಾ ಎದ್ದು ಹಲಗೆಯ ಹತ್ತಿರ ಹೋಗಿ ಕೂತಳು. "ನೀ ಹೊರಗ ಕುಂದ್ರು. ನಾ ಹೇಳ್ತೀನಿ."

ಇಡೀ ಊರನ್ನು ಕಟ್ಟೆಯ ಮೇಲೆ ಕೂತು ಅಳೆದವನು ಮಗಳು ಹೇಳಿದಂತೆ ಎದ್ದು ಹೋಗಿ, ಶೆಡ್ಡಿನ ಹೊರಗೆ ಪೇರಿಸಿದ್ದ ಕಲ್ಲುಗಳ ಮೇಲೆ ಕೂತ. ಒಳಗಿಂದ ಮಗಳ ಮಾತು ಕೇಳಿಸುತ್ತಿತ್ತು. ಗದ್ದದ ಮೇಲೆ ಹಚ್ಚೆಯ ಮೂರು ಬೊಟ್ಟು, ನಕ್ಕರೆ ಎಡಗೆನ್ನೆಯಲ್ಲಿ ಗುಳಿ, ಹಲ್ಲಿನ ಮೇಲೊಂದು ಹಲ್ಲು. ಅವಳು ಹೇಳುತ್ತಿದ್ದ ಹೆಂಗಸನ್ನು ಅಂಬರಾಯ ಎಲ್ಲಿಯೂ ನೋಡಿರಲಿಲ್ಲ. ಆಮೇಲೆ ಸರಿತಾ ಬಲಗಡೆಯ ಹುಬ್ಬಿನ ಮೇಲಿನ ಗಾಯದ ಗುರುತಿಗೆ ಬಂದಳು. ಅಪ್ಪ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದಾಗ ಚಕ್ಕೆ ಸಿಡಿದು ಬಡಿದದ್ದು, ರಕ್ತ ಸೆರಗಿಗೆ ಒರೆಸಿಕೊಂಡು ಸಂಜೆಯವರೆಗೂ ಅವ್ವ ಕಲ್ಲು ಹೊತ್ತಳಂತೆ. ಆ ದಿನ ಅಂಬರಾಯನಿಗೆ ಚೆನ್ನಾಗಿ ನೆನಪಿತ್ತು, ಎಂಥ ಒಳ್ಳೆಯ ಕಲ್ಲು, ನಡುವೆಯೇ ಒಡೆದು ಹಾಳಾಗಿಹೋಗಿತ್ತು.