ಇಪ್ಪತ್ತಾರು ಬೆರಳಿನ ಬಸ್ಸು

ಸರದಾರಸಾಬರ ಬಲಗೈ ನಡುಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಅರವತ್ತರ ಮುದುಕನೊಬ್ಬನ ಹುಡುಗಾಟದಂತೆ ಕಂಡೀತು.

ಹದಿನಾಲ್ಕು ವರ್ಷ ನಾನು ಅವರ ಬಸ್ಸಿನ ಕಂಡಕ್ಟರ್. ಸುರಪುರದಿಂದ ಶಹಾಪುರ, ಶಹಾಪುರದಿಂದ ಯಾದಗಿರಿ, ಮತ್ತೆ ಅದೇ ದಾರಿಯಲ್ಲಿ ವಾಪಸು. ಆ ದಾರಿಯ ಒಂದೊಂದು ತಗ್ಗೂ ಅವರಿಗೆ ಬಾಯಿಪಾಠ. ಹಿಂದಿನ ಸೀಟಿನಲ್ಲಿ ಬಸುರಿ ಹೆಂಗಸು ಕೂತಿದ್ದಾಳೆ ಎಂದು ಒಂದು ಮಾತು ಹೇಳಿದರೆ ಸಾಕು, ಯಾದಗಿರಿ ಮುಟ್ಟುವವರೆಗೆ ಬಸ್ಸು ತೊಟ್ಟಿಲಾಗುತ್ತಿತ್ತು. ಅಂಥ ಕೈ ಅದು.

ನಿವೃತ್ತಿಗೆ ಎರಡು ವರ್ಷ ಇರುವಾಗ ನಡುಕ ಶುರುವಾಯಿತು. ವೈದ್ಯರ ಚೀಟಿ ನೋಡಿ ಡಿಪೊದವರು ಸ್ಟೇರಿಂಗ್ ಬಿಡಿಸಿ ಗೇಟಿನಲ್ಲಿ ಕೂರಿಸಿದರು. ಅವರದೇನೂ ತಪ್ಪಿಲ್ಲ, ಐವತ್ತು ಜನರ ಜೀವದ ಮಾತು. ನಾನಂತೂ ಕಾರಣವಿಲ್ಲದೆ ಎಲ್ಲರ ಮೇಲೂ ಹರಿಹಾಯ್ದೆ. ಸರದಾರಸಾಬರು ಮಾತ್ರ ಗೇಟಿನ ಕುರ್ಚಿಗೆ ಹೋಗಿ ಕೂತರು. ಕಪ್ಪು ತುಳುಕುತ್ತದೆಂದು ಚಹಾದಂಗಡಿಗೆ ಬರುವುದನ್ನೂ ನಿಲ್ಲಿಸಿದರು. ಆ ಕೈಯನ್ನು ಜುಬ್ಬಾದ ಜೇಬಿನಲ್ಲಿ ಇಟ್ಟುಕೊಂಡು ಓಡಾಡತೊಡಗಿದರು.

ಜನವರಿ ಕೊನೆಗೆ ನಿವೃತ್ತಿಯಾಯಿತು. ಹಾರ, ಶಾಲು, ಭಾಷಣ ಮುಗಿಸಿ ಸುರಪುರದ ಅವರ ಮನೆಗೆ ಬಂದೆವು. ಕೆಂಭಾವಿ ಕಡೆಯ ಅವರ ಹುಟ್ಟೂರಿನಿಂದ ಅಕ್ಕ ಉಮೆಸಲ್ಮಾ ಬಂದು ಕೂತಿದ್ದರು. ಮಡಿಲಲ್ಲಿ ಹಳೆಯ ಸೀರೆಯ ಗಂಟು. ಬಿಚ್ಚಿದರೆ ಒಣಗಿದ ಬೇವಿನೆಲೆ, ಬೇವಿನೆಲೆಯ ನಡುವೆ ಅರ್ಧ ಬಸ್ಸು.

ಜೋಳದ ದಂಟಿನ ಬಸ್ಸು. ನಮ್ಮ ಕಡೆ ಹುಟ್ಟಿದವರು ಎಲ್ಲರೂ ಚಿಕ್ಕಂದಿನಲ್ಲಿ ದಂಟಿನ ಚಕ್ಕಡಿ ಮಾಡಿದವರೇ. ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹತ್ತಿಯಂತೆ ಹಗುರಾದ ಬೆಂಡು. ಸಿಪ್ಪೆಯನ್ನು ಸೀಳಿ ಚೂಪು ಮಾಡಿದರೆ ಅದೇ ಮೊಳೆ. ಅಂಟು ಬೇಡ, ದಾರ ಬೇಡ. ಆದರೆ ಇದು ಚಕ್ಕಡಿಯಲ್ಲ. ಬಾನೆಟ್ಟು, ಗಾಜಿನ ಚೌಕಟ್ಟು, ಡ್ರೈವರನ ಸೀಟು, ಬಳೆಯಂತೆ ಬಗ್ಗಿಸಿದ ಸಿಪ್ಪೆಯ ಸ್ಟೇರಿಂಗು, ಎಲ್ಲ ಅಳತೆ ಹಿಡಿದು ಮಾಡಿದ್ದು. ಅದರ ಹಿಂದೆ ಏನೂ ಇರಲಿಲ್ಲ. ಜನ ಕೂರುವ ಜಾಗವೇ ಇಲ್ಲದ ಬಸ್ಸು.

“ಅಬ್ಬಾ ತೀರಿಕೊಂಡ ವಾರನ ನೀ ಲಾರಿ ಕ್ಲೀನರ್ ಆಗಿ ಹೋದೆಲ್ಲೋ,” ಎಂದರು ಉಮೆಸಲ್ಮಾ. “ನನ್ನ ಮದುವಿ ಟ್ರಂಕಿನಾಗ ಇಟ್ಟಿದ್ದೆ. ಈಗರ ಮುಗಸು.”

ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಸರದಾರಸಾಬರು ಊರಿಗೆ ಬರುವ ಒಂದೇ ಬಸ್ಸನ್ನು, ಡ್ರೈವರ್ ಊಟಕ್ಕೆ ಇಳಿದ ಹೊತ್ತಿನಲ್ಲಿ, ಮೊಳ ಹಾಕಿ ಅಳೆದಿದ್ದರಂತೆ. ಉದ್ದ ಇಪ್ಪತ್ತಾರು ಮೊಳ, ಅಗಲ ಏಳು, ಎತ್ತರ ಎಂಟೂವರೆ. ಮೊಳಕ್ಕೆ ಒಂದು ಬೆರಳಿನ ಅಗಲದಂತೆ ದಂಟಿನಲ್ಲಿ ಕಟ್ಟಬೇಕು. ಆಗ ಹುಡುಗರಲ್ಲಿ ಒಂದು ಪಂದ್ಯವಿತ್ತು. ಚಕ್ಕಡಿಯ ಮೇಲೆ ಒಂದು ಪಾವು ಜೋಳ ಹೇರಿ, ದಾರ ಕಟ್ಟಿ, ಹನುಮಂತದೇವರ ಗುಡಿಯಿಂದ ಬಾವಿಯವರೆಗೆ ಎಳೆದು ತರಬೇಕು. ಗಾಲಿ ಕಳಚಿದರೆ ಸೋತಂತೆ. ಸರದಾರ ಬಸ್ಸನ್ನೇ ಎಳೆಯುತ್ತೇನೆಂದು ಹೇಳಿದ್ದ. ಅದೇ ಓಣಿಯ ಶಿವರಾಜ, “ದಂಟಿನ ಬಸ್ಸು ನಾಕು ಹೆಜ್ಜಿ ಹೋಗಂಗಿಲ್ಲ” ಎಂದು ಸಾರಿದ್ದ. ಅವನ ಮಾತು ಸುಳ್ಳೆಂದು ತೋರಿಸುವ ಮೊದಲೇ ಹುಡುಗ ಲಾರಿ ಹತ್ತಿ ಹೋದ.

ಶಿವರಾಜ ಈಗ ಕೆಂಭಾವಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾಲಿಗೆ ಮಾತ್ರ ಹಳೆಯದೇ. ಯಾದಗಿರಿಗೆ ಹೋಗಲು ನಮ್ಮ ಬಸ್ಸು ಹತ್ತಿದಾಗಲೆಲ್ಲ, “ಸರದಾರ, ನಿನ್ನ ಬಸ್ಸು ಇನ್ನಾ ಹೊಂಟಿಲ್ಲೇನೋ?” ಎಂದು ಚುಚ್ಚುತ್ತಿದ್ದ. ಸರದಾರಸಾಬರು ನಗುತ್ತಿದ್ದರು. ಆಗ ಕೈಯಲ್ಲಿ ನಿಜವಾದ ಸ್ಟೇರಿಂಗ್ ಇತ್ತು, ನಗಬಹುದಿತ್ತು. ಅರ್ಧ ಬಸ್ಸು ಸಿಕ್ಕ ಸುದ್ದಿ ಕಿವಿಗೆ ಬಿದ್ದಾಗ ಅವನು ಫೋನು ಮಾಡಿ ಹೇಳಿದ್ದು ಹೀಗೆ: “ಚಾದ ಕಪ್ಪು ಹಿಡಿಯಾಕ ಬರವಲ್ದು, ಬಸ್ಸ ಏನ್ ಮಾಡ್ತಿಯೋ ಮಾರಾಯಾ?”

ಫೋನು ಇಟ್ಟ ಸರದಾರಸಾಬರು ಜೇಬಿನಿಂದ ಬಲಗೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದರು. “ಅಯ್ಯಣ್ಣ, ಈ ಕೈ ಸತ್ತದೋ ಇನ್ನಾ ಬದುಕೇದೋ, ಒಂದ್ಸಲ ನೋಡಿಬಿಡೂಣು,” ಎಂದರು. ಕೆಂಭಾವಿಯ ಸಂತೆಯ ದಿನ, ಶಿವರಾಜನ ಅಂಗಡಿಯ ಮುಂದೆಯೇ ಎಳೆಯುವುದೆಂದು ಮಾತಾಯಿತು.

ಮಾರ್ಚಿನಲ್ಲಿ ಬಿಳಿಜೋಳದ ರಾಶಿ ಮುಗಿದು ದಂಟು ಬಣವೆಗೆ ಬಿತ್ತು. ಉದ್ದನೆಯ ಗೆಣ್ಣಿನ ದಂಟುಗಳನ್ನು ನಾನೇ ಆರಿಸಿ ತಂದುಕೊಟ್ಟೆ. ಮೊದಲ ವಾರ ನೋಡಲಾಗಲಿಲ್ಲ. ಸಿಪ್ಪೆಯ ಮೊಳೆ ಬೆಂಡಿಗೆ ಇಳಿಯುವ ಮೊದಲೇ ಬೆರಳಿಗೆ ಇಳಿಯುತ್ತಿತ್ತು. ಒಂದು ಮೊಳೆ ಸರಿಯಾಗಿ ಕೂರಲು ಹತ್ತು ಹಾಳಾಗಬೇಕು. ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಮಸಾಲೆ ಅರೆಯುವ ಕಲ್ಲನ್ನು ಮುಂದಿಟ್ಟುಕೊಂಡು ಮಣಿಕಟ್ಟನ್ನು ಅದರ ಅಂಚಿಗೆ ಒತ್ತಿ ಹಿಡಿದರೆ ಬೆರಳು ನಿಲ್ಲುತ್ತಿತ್ತು. ಅಷ್ಟರಲ್ಲಿ ಮೊಳೆ ಒತ್ತಬೇಕು. ಹೆಂಡತಿ ಅರ್ಜುಮಂದ ಭಾಬಿ ಮಸಾಲೆ ಅರೆಯಲು ಪಕ್ಕದ ಮನೆಗೆ ಹೋಗಬೇಕಾಯಿತು. ಹೋಗುವಾಗ ಬರುವಾಗ ಅವರ ಬಾಯಿ ಸುಮ್ಮನಿರಲಿಲ್ಲ.

ಹದಿನೈದು ದಿನಕ್ಕೆ ಹಿಂಭಾಗ ಮುಗಿಯಿತು. ಮುಂಭಾಗಕ್ಕೆ ಜೋಡಿಸಲು ಹೋದರೆ ಒಂದಕ್ಕೊಂದು ಕೂಡಲಿಲ್ಲ. ಅಗಲ ಹೆಚ್ಚು, ಎತ್ತರ ಹೆಚ್ಚು. ಕರುವಿನ ಮುಖಕ್ಕೆ ಎಮ್ಮೆಯ ಹೊಟ್ಟೆ ಹಚ್ಚಿದಂತೆ ಕಾಣುತ್ತಿತ್ತು. ಸರದಾರಸಾಬರ ಮುಖ ಕಪ್ಪಿಟ್ಟಿತು. ಲೆಕ್ಕ ಮರೆತಿರಲಿಲ್ಲ, ಅಗಲಕ್ಕೆ ಏಳು ಬೆರಳೇ ಇಟ್ಟಿದ್ದರು. “ಅಳತಿನೂ ಹೋತು ಅಂದ್ರ ನನ್ನ ಕೈಯಾಗ ಏನೂ ಉಳಿದಿಲ್ಲ ಬಿಡು,” ಎಂದು ಕಲ್ಲನ್ನು ಪಕ್ಕಕ್ಕೆ ಸರಿಸಿದರು. ನನಗೆ ಅಳುವೇ ಬಂದಂತಾಯಿತು. ಸ್ಕೇಲು ಹಿಡಿದು ಅಳೆಯೋಣವೆಂದರೆ, “ಅಂಗಡಿ ಸ್ಕೇಲಿನ ಅಳತಿ ನಂದಲ್ಲ” ಎಂದು ಕೈ ಕೊಡವಿದರು.

ಅರ್ಜುಮಂದ ಭಾಬಿ ಅರೆದ ಮಸಾಲೆಯ ಬಟ್ಟಲು ಹಿಡಿದು ಒಳಗೆ ಬಂದವರು ಎರಡೂ ತುಂಡುಗಳನ್ನು ನೋಡಿದರು, ಗಂಡನ ಕೈಯನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ.

“ನಗಬ್ಯಾಡ್ರಿ ಭಾಬಿ, ಸಿಟ್ಟಿಗೇಳತಾರ,” ಎಂದೆ.

“ಏಳಲಿ ಬಿಡು. ಅಯ್ಯಣ್ಣ, ನನ್ನ ಮದುವಿ ಬಳಿ ಈಗ ನನ್ನ ಕೈಯಾಗ ಏರತಾವೇನು? ಮುಂದಿಂದು ಮಾಡಿದ ಬೆರಳು ಹನ್ನೊಂದು ವರ್ಷದ್ದು. ಹಿಂದಿಂದು ಮಾಡಿದ್ದು ಸ್ಟೇರಿಂಗ್ ತಿರುವಿ ತಿರುವಿ ಬದನಿಕಾಯಿ ಆದ ಬೆರಳು. ಅದ್ಹೆಂಗ ಕೂಡ್ತಾವ?”

ಮೊಳದ ಲೆಕ್ಕ ಹುಡುಗನದು, ಬೆರಳು ಮುದುಕನದು. ಇಷ್ಟು ವರ್ಷ ಬಸ್ಸು ಓಡಿಸಿದವರಿಗೂ ಟಿಕೆಟ್ ಹರಿದವನಿಗೂ ಹೊಳೆಯದೆ ಹೋಗಿತ್ತು. ಭಾಬಿ ಬಟ್ಟಲು ಕೆಳಗಿಟ್ಟು, ಕೈ ಒರೆಸಿಕೊಂಡು, ತಮ್ಮ ಕಿರುಬೆರಳನ್ನು ಹಳೆಯ ಬಸ್ಸಿನ ಮೇಲೆ ಹುಡುಗ ಅಳತೆಗೆಂದು ಗೀರಿದ್ದ ಎರಡು ಗೀಟುಗಳ ನಡುವೆ ಇಟ್ಟರು. ಅಳತೆ ತೆಗೆದು ಮಾಡಿಸಿದಂತೆ ಕೂತಿತು.

ಅಲ್ಲಿಂದ ಮುಂದೆ ಆ ಮನೆಯ ಅಳತೆಕೋಲು ಭಾಬಿಯ ಕಿರುಬೆರಳು. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಬೆರಳು ಚಾಚಬೇಕು. “ಎಲ್ಲಾರ ಗಂಡಂದಿರು ಉಂಗುರಕ್ಕ ಬೆರಳು ಕೇಳತಾರ, ನಮ್ಮವ್ರು ಬಸ್ಸಿಗಿ ಕೇಳತಾರ,” ಎಂದು ಗೊಣಗುತ್ತಲೇ ಚಾಚುತ್ತಿದ್ದರು. ಸರದಾರಸಾಬರು ದೊಡ್ಡ ಹೊಟ್ಟೆಯ ಹಿಂಭಾಗವನ್ನು ಒಲೆಗೆ ಹಾಕಿ ಮೊದಲಿನಿಂದ ಕಟ್ಟಿದರು. ಸೀಟುಗಳು, ಕಿಟಕಿ ಸರಳು, ಛಾವಣಿ ಏರುವ ಏಣಿ, ನಾನು ನೇತಾಡುತ್ತಿದ್ದ ಹಿಂಬಾಗಿಲು. ಗಾಲಿಗಳಿಗೆ ತೊಗರಿ ಕಟ್ಟಿಗೆಯ ಅಚ್ಚು. ಕೈ ನಡುಗುವುದು ನಿಲ್ಲಲಿಲ್ಲ, ಆದರೆ ಅವರು ಅದನ್ನು ಜೇಬಿಗೆ ಹಾಕುವುದು ನಿಲ್ಲಿಸಿದರು. ಒಂದು ದಿನ ನನ್ನೊಡನೆ ಚಹಾದಂಗಡಿಗೂ ಬಂದರು. ಅರ್ಧ ಚಹಾ ಚೆಲ್ಲಿತು, ಉಳಿದರ್ಧ ಕುಡಿದರು.

ಸಂತೆಯ ದಿನ ಕೆಂಭಾವಿಗೆ ಬಸ್ಸಿನಲ್ಲೇ ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಹೋದೆವು. ಶಿವರಾಜ ಅಂಗಡಿಯ ಮುಂದೆ ಜನ ಸೇರಿಸಿಕೊಂಡೇ ನಿಂತಿದ್ದ. ಅಂಗಡಿಯಿಂದ ಎದುರಿನ ಬೇವಿನ ಮರದವರೆಗೆ ಹೋಗಿ ವಾಪಸು ಬರಬೇಕು. ನೆಲ ನಮ್ಮ ರಸ್ತೆಯಂಥದೇ, ಕಲ್ಲು, ತಗ್ಗು. ಪಾವು ಜೋಳವನ್ನು ನಾನೇ ಸೀಟುಗಳ ನಡುವೆ ಸುರಿದೆ. ಬೆಂಡು ಕಿರ್ರೆಂದಿತು, ಮುರಿಯಲಿಲ್ಲ.

ಸರದಾರಸಾಬರು ಬಲಗೈಯಲ್ಲೇ ದಾರ ಹಿಡಿದರು. ಎಡಗೈಯಲ್ಲಿ ಹಿಡಿಯಿರಿ ಎಂದು ನಾನು ಪಿಸುಗುಟ್ಟಿದ್ದು ಅವರ ಕಿವಿಗೆ ಬೀಳಲಿಲ್ಲವೋ, ಬಿದ್ದರೂ ಬೇಡವಾಯಿತೋ. ಕೈ ನಡುಗಿತು. ನಡುಕ ದಾರದಲ್ಲಿ ಹರಿದು ಬಸ್ಸಿಗೆ ಹೋಯಿತು. ನಿಂತಲ್ಲೇ ನಿಂತ ಬಸ್ಸು ಗಡಗಡ ನಡುಗತೊಡಗಿತು. ಕಿಟಕಿಯ ಸರಳುಗಳು ಅದುರಿದವು. ಜನ ಇಣುಕಿ ನೋಡಿದರು. ಆಮೇಲೆ ಹಿಂದಿನಿಂದ ಯಾರೋ ಕೂಗಿದರು:

“ಏ, ಎಂಜಿನ್ ಚಾಲೂ ಆತು ನೋಡ್ರೋ!”

ಸಂತೆಯೇ ನಕ್ಕಿತು. ಸರದಾರಸಾಬರು ನಕ್ಕರು, ಎರಡು ವರ್ಷದಲ್ಲಿ ಮೊದಲ ಸಲ. ಹದಿನಾಲ್ಕು ವರ್ಷದ ಅಭ್ಯಾಸ ಬಿಡುತ್ತದೆಯೇ? “ರೈಟ್!” ಎಂದು ಕಿರುಚಿದೆ.

ಬಸ್ಸು ಹೊರಟಿತು. ತಗ್ಗು ಬಂದಲ್ಲಿ ದಾರ ಸಡಿಲ ಬಿಟ್ಟು, ಕಲ್ಲು ಬಂದಲ್ಲಿ ಪಕ್ಕಕ್ಕೆ ಎಳೆದು, ಅದೇ ಹಳೆಯ ಕೈಯಿಂದ ಬೇವಿನ ಮರ ಮುಟ್ಟಿಸಿದರು. ಸುತ್ತು ಹೊಡೆಸಿದರು. ನಾಲ್ಕು ಹೆಜ್ಜೆಯಲ್ಲ, ಹೋಗಿ ಬರುವುದರಲ್ಲಿ ನಲವತ್ತೆಂಟು ಹೆಜ್ಜೆ, ನಾನು ಎಣಿಸಿದ್ದೇನೆ. ಒಂದು ಗಾಲಿಯೂ ಕಳಚಲಿಲ್ಲ, ಒಂದು ಕಾಳೂ ಚೆಲ್ಲಲಿಲ್ಲ.

ಬಸ್ಸು ಅಂಗಡಿಯ ಮುಂದೆ ಬಂದು ನಿಂತಾಗ ನಾನು ಶಿವರಾಜನ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಕೊಂಕು ಆಡಲಿ, ಅವನಿಗೆ ಸರಿಯಾಗಿ ಹೇಳಬೇಕೆಂದು ಬಾಯಿ ಸಿದ್ಧ ಮಾಡಿಕೊಂಡಿದ್ದೆ. ಅವನು ಒಳಗೆ ಹೋಗಿ ಬಿತ್ತನೆಯ ಚೀಲದಿಂದ ಒಂದೇ ಒಂದು ಕಾಳು ಜೋಳ ಹಿಡಿದು ತಂದ. ಮಂಡಿಯೂರಿ ಕೂತು, ಡ್ರೈವರನ ಬೆನ್ನ ಹಿಂದಿನ ಸೀಟಿನ ಮೇಲೆ ಅದನ್ನು ಮೆಲ್ಲಗೆ ಇಟ್ಟ.

“ಹೊಂಡು ಸರದಾರ,” ಎಂದ. “ನಾ ಹತ್ತೀನಿ.”